ಗರಿಯ ಅಡಿಯಲ್ಲಿ ಕಂಡದ್ದು

ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಬಿ.ಎಚ್. ರಸ್ತೆಯಲ್ಲಿ ಕಿಬ್ಬನಹಳ್ಳಿ ಕ್ರಾಸ್ ಬಂದಿತೆಂದರೆ ತೆಂಗಿನ ಸೀಮೆಯ ನಡುಮನೆಗೆ ಬಂದಂತೆ. ಒಂದು ಕಡೆ ತುರುವೇಕೆರೆ, ಇನ್ನೊಂದು ಕಡೆ ಚಿಕ್ಕನಾಯಕನಹಳ್ಳಿ, ಮುಂದೆ ತಿಪಟೂರು. ಮೂರೂ ತಾಲ್ಲೂಕುಗಳ ಬದುಕು ಉಂಡೆ ಕೊಬ್ಬರಿಯ ಧಾರಣೆಯನ್ನು ನೆಚ್ಚಿಕೊಂಡಿದೆ. ಈ ಸೀಮೆಯ ಚರಿತ್ರೆ ಎಂದರೆ ಕೆರೆಗಳು, ಕೊಬ್ಬರಿ ಮಂಡಿ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕಾಯಿ ನೆನಪಾಗುತ್ತವೆ. ಗರಿಯ ಅಡಿಯಲ್ಲಿ, ಕಾಯಿಯ ತೊಟ್ಟಿನ ಸಂದಿಯಲ್ಲಿ, ಗೊಬ್ಬರದ ಗುಂಡಿಯಲ್ಲಿ ಬದುಕುವ ಸಣ್ಣ ಜೀವಗಳನ್ನು ಇಲ್ಲಿಯ ಜನ ಯಾವಾಗ, ಯಾತಕ್ಕಾಗಿ, ಎಷ್ಟು ಹತ್ತಿರದಿಂದ ನೋಡಿದರು ಎಂಬುದಕ್ಕೂ ಒಂದು ಚರಿತ್ರೆಯಿದೆ. ಅದನ್ನು ಬಿಡಿಸಿ ನೋಡಿದರೆ ನನಗೆ ಕಾಣುವುದು ಇಷ್ಟು: ನೂರು ವರ್ಷಗಳ ಕಾಲ ಮಸೂರ ತೋಟಕ್ಕೆ ಬಂದದ್ದು ಹಾನಿಯ ಬೆನ್ನು ಹತ್ತಿ. ಹಾನಿ ಮಾಡದ ಜೀವವನ್ನೂ ಅಷ್ಟೇ ಹತ್ತಿರದಿಂದ ನೋಡುವ ರೂಢಿ ಮ್ಯಾಕ್ರೋ ಫೋಟೊಗ್ರಫಿಯೊಂದಿಗೆ ಬಂತು. ಆದ್ದರಿಂದ ಅದನ್ನು ಬಿಡುವಿದ್ದವರ ಹವ್ಯಾಸ ಎಂದು ಬದಿಗಿಡದೆ ಕೃಷಿಯ ಚರಿತ್ರೆಯಲ್ಲಿಯೇ ಸೇರಿಸಿ ಓದಬೇಕು.

ಮಸೂರ ಬರುವ ಮೊದಲು ರೈತ ಹುಳುವನ್ನು ಗುರುತಿಸುತ್ತಿದ್ದದ್ದು ಅದು ಬಿಟ್ಟುಹೋದ ಗಾಯದಿಂದ. ಬಿಚ್ಚಿಕೊಂಡ ಎಳೆ ಗರಿ ಕತ್ತರಿಯಲ್ಲಿ ಕತ್ತರಿಸಿದ ಹಾಗಿದ್ದರೆ ಸುಳಿ ಕೊರೆಯುವ ದುಂಬಿ. ಕಾಂಡದ ತೂತಿನಿಂದ ಕಂದು ರಸ ಸೋರುತ್ತಿದ್ದರೆ ಕೆಂಪು ಮೂತಿ ಹುಳು. ಗರಿಗಳು ಬೆಂಕಿ ತಗುಲಿದಂತೆ ಒಣಗಿದರೆ ಕಪ್ಪು ತಲೆ ಹುಳು. ಈ ಜ್ಞಾನ ಸಣ್ಣದಲ್ಲ. ದುಂಬಿಯನ್ನು ಕೊಕ್ಕೆ ಕಂಬಿಯಿಂದ ಹೊರಗೆಳೆಯುವುದಕ್ಕೂ ಸುಳಿಯ ಬುಡಕ್ಕೆ ಬೇವಿನ ಹಿಂಡಿ ಹಾಕುವುದಕ್ಕೂ ಅಷ್ಟು ಸಾಕಾಗಿತ್ತು. ಹಾನಿ ಮಾಡದ ಹುಳುಗಳನ್ನು ಹಳ್ಳಿಯವರು ಗಮನಿಸಲೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಗಮನಿಸಿದ್ದರು. ಮಕ್ಕಳು ಬೆಂಕಿಪೊಟ್ಟಣದಲ್ಲಿ ಸಾಕಿದ ಜೀರ್ಜಿಂಬೆ, ಗೋಡೆಯ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳು, ಮೊದಲ ಮಳೆಗೆ ಹುತ್ತದಿಂದೇಳುವ ಈಸಲು, ರಾತ್ರಿಯ ಮಿಂಚುಹುಳು ಎಲ್ಲರ ಬಾಯಲ್ಲಿದ್ದವು. ಆದರೆ ಇವೆಲ್ಲ ಬರಿಗಣ್ಣಿಗೆ ಸಿಗುವ ಗಾತ್ರದವು, ಮಿನುಗುವುದರಿಂದಲೋ ಹಾರುವುದರಿಂದಲೋ ತಾವಾಗಿ ಕಣ್ಣು ಸೆಳೆಯುವಂಥವು. ಮೂರು ಮಿಲಿಮೀಟರಿಗಿಂತ ಚಿಕ್ಕದಾದ, ಬಣ್ಣವಿಲ್ಲದ, ಗರಿಯ ಕೆಳಮೈಯಲ್ಲಿ ಅಡಗಿರುವ ಜೀವಕ್ಕೆ ಆ ನೋಟದಲ್ಲಿ ಜಾಗ ಸಿಗುವುದು ಸಾಧ್ಯವಿರಲಿಲ್ಲ.

ಸರ್ಕಾರದ ಕೀಟಶಾಸ್ತ್ರ ಮೈಸೂರು ಸಂಸ್ಥಾನಕ್ಕೆ ಬಂದದ್ದು 1908ರಲ್ಲಿ, ಕೆನಡಾದ ಲೆಸ್ಲಿ ಕೋಲ್ಮನ್ ಅವರ ನೇಮಕದೊಂದಿಗೆ. ಮುಂದೆ ಅವರೇ ಕೃಷಿ ಇಲಾಖೆಯ ನಿರ್ದೇಶಕರಾದರು. ಅವರ ಜೊತೆ ಕೆಲಸ ಮಾಡಿದ ಕುಂಞಿ ಕಣ್ಣನ್ ಈ ನಾಡಿನ ಕೀಟಗಳ ಬಗ್ಗೆ ಸ್ವತಂತ್ರವಾಗಿ ಬರೆದರು. ಜೋಳದ ಹೊಲಗಳನ್ನು ಕಾಡುತ್ತಿದ್ದ ರೆಕ್ಕೆಯಿಲ್ಲದ ಮಿಡತೆಗೆ ಕೋಲ್ಮನ್ ಅವರ ಗೌರವಾರ್ಥ ಕೋಲ್ಮೇನಿಯಾ ಎಂಬ ಹೆಸರು ಬಂತು. ಅವರ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೂ ಯಾವ ಕೀಟಕ್ಕೆ ಮಸೂರದ ಅಡಿಯಲ್ಲಿ ಜಾಗ ಸಿಗಬೇಕು ಎಂಬುದನ್ನು ಬೆಳೆಯ ನಷ್ಟವೇ ತೀರ್ಮಾನಿಸುತ್ತಿತ್ತು. ಇದಕ್ಕೆ ಸ್ಪಷ್ಟ ಸಾಕ್ಷಿ ಬೈನ್‌ಬ್ರಿಗ್ ಫ್ಲೆಚರ್ 1914ರಲ್ಲಿ ಮದ್ರಾಸಿನಿಂದ ಹೊರತಂದ, ದಕ್ಷಿಣ ಭಾರತದ ಕೆಲವು ಕೀಟಗಳ ಕುರಿತಾದ ದೊಡ್ಡ ಗ್ರಂಥ. ಆರ್ಥಿಕ ದೃಷ್ಟಿಯಿಂದ ಮುಖ್ಯವಾದ ಜೀವಿಗಳನ್ನು ಪರಿಶೀಲಿಸುತ್ತೇನೆಂದು ಅದು ಮುಖಪುಟದಲ್ಲಿಯೇ ಹೇಳಿಬಿಡುತ್ತದೆ. ಒಳಗಿನ ಕೀಟಚಿತ್ರಗಳಲ್ಲಿ ಹೆಚ್ಚಿನವು ಕಲಾವಿದರು ಕೈಯಲ್ಲಿ ಬರೆದವು, ಇಂದಿಗೂ ಮೆಚ್ಚುವಂಥವು. ಆದರೆ ಒಂದು ಚಿತ್ರಕ್ಕೆ ಎಷ್ಟೋ ದಿನ ಬೇಕಾಗುತ್ತಿದ್ದಾಗ, ಅಷ್ಟು ಶ್ರಮ ನಷ್ಟ ತರುವ ಕೀಟಕ್ಕೇ ಮೀಸಲಾಗುವುದು ಸಹಜ.

ಈ ಪದ್ಧತಿಯ ತುತ್ತತುದಿ ನುಸಿ ಪೀಡೆ. ಮೆಕ್ಸಿಕೊದ ಗೆರೆರೊ ಪ್ರಾಂತದ ಮಾದರಿಯಿಂದ 1965ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ನುಸಿ ಭಾರತದಲ್ಲಿ ಮೊದಲು ವರದಿಯಾದದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಿಂದ. ಕೆಲವೇ ವರ್ಷಗಳಲ್ಲಿ ನಮ್ಮ ತೆಂಗಿನ ಸೀಮೆಯನ್ನೂ ಹಿಡಿಯಿತು. ಎಳೆಗಾಯಿಯ ತೊಟ್ಟಿನ ಕೆಳಗೆ ಮಸುಕಾದ ಬಿಳಿಯ ಮುಕ್ಕೋನ ಮೂಡುತ್ತದೆ. ಕಾಯಿ ಬೆಳೆದಂತೆ ಅದು ಕಂದಾಗಿ ಸಿಪ್ಪೆ ಬಿರಿಯುತ್ತದೆ, ಕಾಯಿ ಸಣ್ಣದಾಗುತ್ತದೆ. ಅಷ್ಟೆಲ್ಲ ಮಾಡುವ ಜೀವಿಯ ಉದ್ದ ಮಿಲಿಮೀಟರಿನ ಕಾಲು ಭಾಗವನ್ನು ಮೀರದು. ರೈತ ತನ್ನ ತೋಟದಲ್ಲಿ ಕಾಣಲಾಗದ ಶತ್ರುವಿನ ಮೇಲೆ ಹಣ ಸುರಿದ: ಬೇರಿನ ಮೂಲಕ ಔಷಧ ಉಣಿಸಿದ, ಬೇವಿನೆಣ್ಣೆ–ಬೆಳ್ಳುಳ್ಳಿ ದ್ರಾವಣ ಸಿಂಪಡಿಸಿದ. ಕೀಟ ಇದೆ ಎಂಬುದನ್ನು ಅಧಿಕಾರಿಯ ಮಾತಿನ ಮೇಲೆ ನಂಬಬೇಕಾಯಿತು. ಅದೇ ತೊಟ್ಟಿನ ಸಂದಿಯಲ್ಲಿ ಈ ನುಸಿಯನ್ನು ತಿಂದು ಬದುಕುವ ಪರಭಕ್ಷಕ ನುಸಿಗಳೂ ಇದ್ದವು. ಅವುಗಳ ಮಾತು ವಿಜ್ಞಾನಿಗಳ ವರದಿಯಲ್ಲಿ ಉಳಿಯಿತೇ ಹೊರತು ತೋಟದ ಬದುವಿನ ತನಕ ಬರಲಿಲ್ಲ. ಕಾಣದ ಶತ್ರುವನ್ನು ಭಯದಿಂದಲಾದರೂ ನಂಬುತ್ತೇವೆ. ಕಾಣದ ಮಿತ್ರನನ್ನು ನಂಬಿಸುವುದು ಬಹಳ ಕಷ್ಟ.

ಆ ಪೀಡೆ ವರದಿಯಾದ 1998ರಲ್ಲಿಯೇ ದಕ್ಷಿಣ ಭಾರತದ ಕೆಲವು ಚಿಟ್ಟೆಗಳ ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬಂತು. ಅದನ್ನು ರೂಪಿಸಿದವರಲ್ಲಿ ಕೃಷಿ ಕೀಟಶಾಸ್ತ್ರಜ್ಞ ಗುಣತಿಲಗರಾಜ್ ಇದ್ದರು, ವನ್ಯಜೀವಿ ಛಾಯಾಗ್ರಾಹಕರಾದ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಮತ್ತು ಕೆ. ಜಯರಾಂ ಇದ್ದರು. ಫ್ಲೆಚರ್ ಗ್ರಂಥದ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಚಿಟ್ಟೆ ಯಾರ ಬೆಳೆಯನ್ನೂ ಹಾಳು ಮಾಡಿದ್ದಕ್ಕೆ ಇಲ್ಲಿ ಸೇರಿಲ್ಲ; ಅದು ಈ ನೆಲದಲ್ಲಿ ಇದೆ ಎಂಬ ಒಂದೇ ಕಾರಣ ಸಾಕಾಗಿದೆ. ಕೀಟಶಾಸ್ತ್ರಜ್ಞ ಮತ್ತು ಛಾಯಾಗ್ರಾಹಕ ಒಂದೇ ಪುಸ್ತಕಕ್ಕೆ ಕೈಜೋಡಿಸಿದ್ದು ನನ್ನ ಮಟ್ಟಿಗೆ ಈ ಚರಿತ್ರೆಯ ದೊಡ್ಡ ತಿರುವು. ಆದರೆ ಅದು ಫಿಲ್ಮಿನ ಕಾಲ. ಸುರುಳಿಗೆ ಮೂವತ್ತಾರು ಚಿತ್ರ, ಲೆನ್ಸಿನ ಹಿಂದೆ ಹಾಕುವ ಕೊಳವೆ, ಫ್ಲ್ಯಾಶು, ತೊಳೆಸುವ ಖರ್ಚು. ಫೋಕಸ್ ಕೂದಲೆಳೆಯಷ್ಟು ತಪ್ಪಿದರೂ ಕಣ್ಣು ಮಸುಕಾಗಿ ಕಾಲು ಮಾತ್ರ ಸ್ಪಷ್ಟವಾಗುತ್ತಿತ್ತು, ಅದು ಗೊತ್ತಾಗುತ್ತಿದ್ದದ್ದು ಫಿಲ್ಮ್ ತೊಳೆದ ಮೇಲೆ. ಹಾಗಾಗಿ ಈ ಕಲೆ ಬೆಂಗಳೂರು, ಮೈಸೂರುಗಳಂಥ ನಗರಗಳಲ್ಲಿ ಕೆಲವರ ಕೈಯಲ್ಲಿ ಉಳಿಯಿತು. ಡಿಜಿಟಲ್ ಕ್ಯಾಮೆರಾ, ಆಮೇಲೆ ಮೊಬೈಲಿಗೆ ಸಿಕ್ಕಿಸುವ ಅಗ್ಗದ ಲೆನ್ಸು ಬಂದ ಮೇಲೆ ಹಳ್ಳಿಯ ಹಿತ್ತಲಿಗೂ ಇಳಿಯಿತು.

ಇಷ್ಟರಿಂದ ತೋಟಕ್ಕೆ ಏನು ಸಿಕ್ಕಿತು? ಸುರುಳಿಯಾಕಾರದ ಬಿಳಿ ನೊಣದ ಪ್ರಸಂಗ ಉತ್ತರ ಕೊಡುತ್ತದೆ. ಅದು 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಕಾಣಿಸಿಕೊಂಡು ಕರ್ನಾಟಕಕ್ಕೂ ಬಂತು. ಗರಿಯ ಅಡಿಯಲ್ಲಿ ಬಿಳಿ ಮೇಣದ ಸುರುಳಿಗಳು, ಕೆಳಗಿನ ಗರಿ ಮತ್ತು ಬಾಳೆ ಎಲೆಯ ಮೇಲೆ ಅಂಟು ರಸ, ಅದರ ಮೇಲೆ ಕಪ್ಪು ಬೂಷ್ಟು. ನೋಡಿದವರ ಮೊದಲ ಯೋಚನೆ ವಿಷ ಹೊಡೆಯುವುದು. ವಿಜ್ಞಾನಿಗಳು ಬೇಡವೆಂದರು, ಏಕೆಂದರೆ ಎನ್ಕಾರ್ಸಿಯಾ ಎಂಬ ಅತಿ ಸಣ್ಣ ಕಣಜ ಆಗಲೇ ಕೆಲಸಕ್ಕೆ ಇಳಿದಿತ್ತು. ಆ ಮಾತಿನ ಪುರಾವೆ ಗರಿಯ ಮೇಲೆಯೇ ಇದೆ: ಕಣಜ ಮೊಟ್ಟೆಯಿಟ್ಟ ಬಿಳಿ ನೊಣದ ಕೋಶ ಕಪ್ಪಗಾಗುತ್ತದೆ, ಬೆಳೆದ ಕಣಜ ಹೊರಬಿದ್ದ ಕಡೆ ದುಂಡನೆಯ ತೂತು ಉಳಿಯುತ್ತದೆ. ಬರಿಗಣ್ಣಿಗೆ ಅದೆಲ್ಲ ಬಿಳಿ ಪುಡಿಯ ನಡುವಿನ ಕೊಳೆ. ಹತ್ತಿರದ ಒಂದು ಚಿತ್ರದಲ್ಲಿ ಕಪ್ಪು ಕೋಶಗಳನ್ನು ಎಣಿಸಬಹುದು, ತೂತುಗಳನ್ನು ತೋರಿಸಬಹುದು. ಕೇರಳದ ತೋಟಗಳಲ್ಲಂತೂ ಆ ಕಪ್ಪು ಬೂಷ್ಟನ್ನೇ ಮೇಯುವ ಲಿಯೋಕ್ರಿನಸ್ ಎಂಬ ಸಣ್ಣ ದುಂಬಿ ಸಿಕ್ಕಿತು. ಹಳೆಯ ಲೆಕ್ಕದಲ್ಲಿ ಅದು ಶತ್ರುವೂ ಅಲ್ಲ, ಶತ್ರುವನ್ನು ಕೊಲ್ಲುವ ಮಿತ್ರನೂ ಅಲ್ಲ. ಕಪ್ಪು ತಲೆ ಹುಳುವನ್ನು ಕೊಲ್ಲುವ ಗೋನಿಯೋಜಸ್ ಕಣಜವೂ ಎನ್ಕಾರ್ಸಿಯಾದಂತೆಯೇ ಹತ್ತಿರದ ನೋಟಕ್ಕೆ ಮಾತ್ರ ತೆರೆದುಕೊಳ್ಳುತ್ತದೆ. ಇಲಾಖೆಯ ಪರೋಪಜೀವಿ ಪ್ರಯೋಗಾಲಯಗಳು ಅದನ್ನು ಬೆಳೆಸಿ ಹಂಚುತ್ತವೆ. ರೈತರಿಗೆ ಸಿಗುವುದು ಶೀಶೆಯೊಳಗಿನ ಕಪ್ಪು ಚುಕ್ಕೆಗಳು. ಹತ್ತಿರದಿಂದ ನೋಡಿದರೆ, ಹೆಣ್ಣು ಕಣಜ ಹುಳುವನ್ನು ಚುಚ್ಚಿ ನಿಶ್ಚಲಗೊಳಿಸಿ, ಅದರ ಮೈಮೇಲೆ ಮೊಟ್ಟೆಯಿಟ್ಟು, ಮರಿಗಳು ಬಲಿಯುವ ತನಕ ಅಲ್ಲಿಯೇ ಕಾವಲು ನಿಲ್ಲುವುದು ಕಾಣುತ್ತದೆ. ಇದನ್ನು ಕಂಡವರು ಕಣಜವನ್ನು ಬಿಟ್ಟ ವಾರವೇ ತೋಟಕ್ಕೆ ಕೀಟನಾಶಕ ಹೊಡೆಯಲು ಎರಡು ಸಲ ಯೋಚಿಸುತ್ತಾರೆ.

ಆಕ್ಷೇಪಗಳು ಉಂಟು. ಬಿಳಿ ನೊಣವನ್ನೂ ಎನ್ಕಾರ್ಸಿಯಾವನ್ನೂ ಗುರುತಿಸಿದ್ದು ಸೂಕ್ಷ್ಮದರ್ಶಕದ ಮುಂದೆ ಕೂತ ವರ್ಗೀಕರಣ ತಜ್ಞರು, ಕ್ಯಾಮೆರಾ ಹಿಡಿದವರಲ್ಲ ಎನ್ನುವುದು ಒಂದು. ಅದು ನಿಜ. ತೆಂಗಿನ ನುಸಿಯಂಥ ಜೀವಿಗೆ ಮಾಮೂಲಿ ಮ್ಯಾಕ್ರೋ ಲೆನ್ಸು ಸಾಲುವುದೂ ಇಲ್ಲ. ಆದರೆ ಪ್ರಯೋಗಾಲಯದಲ್ಲಿ ಕಂಡದ್ದನ್ನು ಬೆಳೆಗಾರ ತನ್ನ ಗರಿಯ ಮೇಲೆಯೇ ಹುಡುಕಿ ನೋಡುವಂತೆ ಮಾಡಿದ್ದು ಚಿತ್ರ. ಛಾಯಾಗ್ರಾಹಕರು ಅಂದವಾದದ್ದನ್ನೇ ಆರಿಸುತ್ತಾರೆ, ಆದ್ದರಿಂದ ಅವರ ಸಂಗ್ರಹ ತೋಟದ ಲೆಕ್ಕವಾಗದು ಎನ್ನುವುದು ಇನ್ನೊಂದು. ಒಪ್ಪುತ್ತೇನೆ, ನೂರು ಚಿಟ್ಟೆಯ ಚಿತ್ರ ಬಂದಲ್ಲಿ ಒಂದು ಗೆದ್ದಲಿನ ಚಿತ್ರ ಬರುವುದು ಕಷ್ಟ. ಆದರೆ ನಷ್ಟವನ್ನೇ ಆರಿಸುತ್ತಿದ್ದ ಹಳೆಯ ದಾಖಲೆಯೂ ಅಷ್ಟೇ ಏಕಪಕ್ಷೀಯ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ಮಾತ್ರ ತೋಟ ತಕ್ಕಮಟ್ಟಿಗೆ ಪೂರ್ತಿಯಾಗಿ ಕಾಣುತ್ತದೆ. ಮೂರನೆಯದು ಎಲ್ಲಕ್ಕಿಂತ ಗಂಭೀರ: ಹುಳುವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ, ಬೇರೆ ಗಿಡದ ಮೇಲೆ ಕೂರಿಸಿ ಚಿತ್ರ ತೆಗೆಯುವವರಿದ್ದಾರೆ. ಇದು ಜೀವಿಗೆ ಮಾಡುವ ಹಿಂಸೆ, ದಾಖಲೆಗೆ ಮಾಡುವ ಮೋಸ. ಯಾವ ಗಿಡ, ಯಾವ ತಿಂಗಳು, ಗರಿಯ ಯಾವ ಮೈ ಎಂಬುದು ಸುಳ್ಳಾದ ಮೇಲೆ ಆ ಚಿತ್ರ ಎಷ್ಟು ಚೆಂದವಿದ್ದರೂ ನಾನು ಹೇಳುತ್ತಿರುವ ಚರಿತ್ರೆಗೆ ಸೇರುವುದಿಲ್ಲ.

ಈ ನಿಖರತೆ ಏಕೆ ಬೇಕೆಂದರೆ, ಸುರುಳಿಯಾಕಾರದ ನೊಣದ ಬೆನ್ನಿಗೇ ಬೊಂಡಾರ್ ಹೆಸರು ಹೊತ್ತ, ಗೂಡು ಕಟ್ಟುವ ಬಿಳಿ ನೊಣವೂ ದಕ್ಷಿಣ ಭಾರತದ ತೆಂಗಿಗೆ ಬಂದಿದೆ. ಕೆಳಗೆ ನಿಂತು ತಲೆಯೆತ್ತಿ ನೋಡಿದರೆ ಎರಡೂ ಒಂದೇ ಬಿಳಿ. ಹತ್ತಿರ ಹೋದರೆ ಈ ಎರಡನೆಯದು ಗಾತ್ರದಲ್ಲಿ ಬಹಳ ಚಿಕ್ಕದು, ಹತ್ತಿಯಂಥ ಮೇಣದ ಗೂಡಿನಲ್ಲಿ ಕೂತಿರುತ್ತದೆ, ರೆಕ್ಕೆಗಳ ಮೇಲೆ ಒಂದನ್ನೊಂದು ಹಾಯುವ ಬೂದು ಪಟ್ಟೆಗಳಿವೆ. ಕೊನೆಯ ಮಾತು ತಜ್ಞರದೇ, ಕೋಶವನ್ನು ಸೂಕ್ಷ್ಮದರ್ಶಕದಲ್ಲಿಟ್ಟ ಮೇಲೆ. ಆದರೆ ಗರಿಯ ಅಡಿಯಲ್ಲಿ ಈಗ ಇರುವುದು ಒಂದಲ್ಲ, ಎರಡು ಎಂಬ ಮೊದಲ ಅನುಮಾನ ತೋಟದಲ್ಲಿಯೇ ಹುಟ್ಟಬೇಕು. ಅದಕ್ಕೆ ಬೇಕಾದ ಲೆನ್ಸು ಈಗ ಕಿಬ್ಬನಹಳ್ಳಿಯ ಬೆಳೆಗಾರನ ಕೈಗೂ ಎಟಕುವಷ್ಟು ಅಗ್ಗವಾಗಿದೆ.