ಹೆರಿಗೆಯ ಕೋಣೆಯಲ್ಲಿ ನ್ಯಾಯಾಲಯದ ನೆರಳು

ನಮ್ಮ ಶಹಾಡಿಗೆ ಅಂಟಿಕೊಂಡಿರುವ ಕಲ್ಯಾಣವು ಆನಂದೀಬಾಯಿ ಜೋಶಿಯವರ ತವರೂರು. ಹದಿನಾಲ್ಕರ ಎಳೆವಯಸ್ಸಿನಲ್ಲಿ ಹೆತ್ತ ಕೂಸು ಹತ್ತು ದಿನಗಳಲ್ಲಿ ತೀರಿಕೊಂಡ ದುಃಖವೇ ಆಕೆಯನ್ನು ವೈದ್ಯಶಾಸ್ತ್ರದತ್ತ ನಡೆಸಿತು. 1886ರಲ್ಲಿ ಅಮೆರಿಕದಲ್ಲಿ ವೈದ್ಯಪದವಿ ಪಡೆದಾಗ ಆಕೆಯ ಪ್ರಬಂಧದ ವಿಷಯವೂ ಹಿಂದೂಗಳ ಪ್ರಸೂತಿಪದ್ಧತಿಯೇ ಆಗಿದ್ದಿತು. ಅಂದು ಇದ್ದ ಕೊರತೆ ವೈದ್ಯರದು. ಇಂದು ವೈದ್ಯರಿದ್ದಾರೆ, ಅವರು ಗರ್ಭಿಣಿಯ ಮುಂದಿಡುವ ದಾರಿಗಳೆಷ್ಟು ಎಂಬುದು ವಿಚಾರಾರ್ಹ.

ಒಮ್ಮೆ ಸಿಸೇರಿಯನ್ ಆದವಳಿಗೆ ಎಂದೆಂದಿಗೂ ಸಿಸೇರಿಯನ್ನೇ ಎಂಬ ಮಾತನ್ನು 1916ರಲ್ಲಿ ಆಡಿದವನು ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್. ಮೊದಲನೆಯ ಶಸ್ತ್ರಕ್ರಿಯೆಗೇ ಆತುರಪಡಬೇಡಿರೆಂಬ ಎಚ್ಚರಿಕೆಯಾಗಿದ್ದ ಈ ಮಾತು, ವಿಚಿತ್ರವೆಂದರೆ, ಶಸ್ತ್ರಕ್ರಿಯೆಯ ಪರವಾದ ಸೂತ್ರವಾಗಿ ಹೋಯಿತು. 1980ರಲ್ಲಿ ಅಮೆರಿಕದ ತಜ್ಞಮಂಡಲಿಯೊಂದು ಅದನ್ನು ಸಡಿಲಿಸಿ, ಅಂಥವರಿಗೂ ಸಹಜ ಹೆರಿಗೆಯ ಅವಕಾಶವಿರಲೆಂದಿತು. ಆದರೆ 1999ರಲ್ಲಿ ಅಲ್ಲಿನ ಪ್ರಸೂತಿತಜ್ಞರ ಸಂಸ್ಥೆಯು, ಶಸ್ತ್ರವೈದ್ಯರು ತತ್‌ಕ್ಷಣ ಒದಗುವಂತಿದ್ದರೆ ಮಾತ್ರ ಹಾಗೆ ಮಾಡಬೇಕೆಂದು ಬಿಗಿಗೊಳಿಸಿತು. ಮೊಕದ್ದಮೆಗೆ ಅಂಜಿದ ಅನೇಕ ಸಣ್ಣ ಆಸ್ಪತ್ರೆಗಳು ಆ ದಾರಿಯನ್ನೇ ಮುಚ್ಚಿದುವು. ಯಾವ ಕಾಯಿದೆಯೂ ನಿಷೇಧಿಸಲಿಲ್ಲ. ಕೇಳಿದವಳಿಗೆ ದೊರೆಯಲಿಲ್ಲ, ಅಷ್ಟೆ. 2010ರಲ್ಲಿ ನಿಯಮ ಸಡಿಲಾಯಿತು.

ಬ್ಯಾಂಕಿನವರಿಗೆ ಇದರ ಮರ್ಮ ಬೇಗನೆ ತಿಳಿದೀತು. ಕೊಟ್ಟ ಸಾಲ ಮುಳುಗಿದರೆ ವಿಚಾರಣೆಯುಂಟು. ಕೊಡದೆ ತಿರಸ್ಕರಿಸಿದ ಸಾಲಕ್ಕೆ ವಿಚಾರಣೆಯಿಲ್ಲ. ಹಾಗೆಯೇ, ಕಾದ ವೈದ್ಯನನ್ನು ಏಕೆ ಕಾದೆಯೆಂದು ಕೇಳುವರು. ಕೊಯ್ದವನನ್ನು ಏಕೆ ಕೊಯ್ದೆಯೆಂದು ಕೇಳುವವರು ವಿರಳ.

ಭಾರತದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರ ಶಾಂತಾ ಪ್ರಕರಣದಲ್ಲಿ ಶುಲ್ಕ ಪಡೆಯುವ ವೈದ್ಯಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯಿದೆಯೊಳಗೆ ತಂದಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇಕಡಾ 47.4 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ 14.3. ಈ ಅಂತರವನ್ನೆಲ್ಲ ಭಯದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಹಣದ ಆಸೆ, ಸಮಯದ ಅನುಕೂಲ, ಕುಟುಂಬದವರ ಆಗ್ರಹ, ಮುಹೂರ್ತ ಎಲ್ಲವೂ ಅದರಲ್ಲಿವೆ.

ಬ್ರಿಟನ್ನಿನ ನ್ಯಾಯಾಲಯ 2015ರಲ್ಲಿ ಎದುರು ದಿಕ್ಕಿನಿಂದ ಬಂದಿತು. ಮಧುಮೇಹವಿದ್ದ ಮಾಂಟ್ಗೊಮರಿ ಎಂಬಾಕೆಗೆ, ಮಗುವಿನ ಭುಜ ಸಿಕ್ಕಿಕೊಳ್ಳುವ ಅಪಾಯವನ್ನು ವೈದ್ಯೆ ತಿಳಿಸಿರಲಿಲ್ಲ. ತಿಳಿಸಿದರೆ ಹೆಂಗಸರು ಸಿಸೇರಿಯನ್ನನ್ನೇ ಬೇಡುವರೆಂಬುದು ಆಕೆಯ ಸಮರ್ಥನೆ. ಅದು ಸಲ್ಲದೆಂದು ತೀರ್ಪಾಯಿತು. ನಮ್ಮ ಸರ್ವೋಚ್ಚ ನ್ಯಾಯಾಲಯವು 2008ರ ಸಮೀರಾ ಕೋಹ್ಲಿ ಪ್ರಕರಣದಲ್ಲಿ ಅಷ್ಟು ದೂರ ಹೋಗದಿದ್ದರೂ, ಪರ್ಯಾಯ ಚಿಕಿತ್ಸೆಗಳನ್ನು ರೋಗಿಗೆ ತಿಳಿಸಲೇಬೇಕೆಂದಿತು. ಆದರೆ ನಮ್ಮ ಹೆಣ್ಣುಮಕ್ಕಳು ಇಲ್ಲಿ ನೋವಿನ ನಡುವೆ ರುಜುಹಾಕುವ ಸಮ್ಮತಿಪತ್ರ ಇಂಗ್ಲಿಷಿನದೋ ಮರಾಠಿಯದೋ ಆಗಿರುತ್ತದೆ. ಅದನ್ನು ಕನ್ನಡದಲ್ಲಿ ಓದಿ ಹೇಳುವವರು ಹೆರಿಗೆಯ ಕೋಣೆಯ ಹೊರಗೆ ನಿಂತಿರುತ್ತಾರೆ.