ದೌಂಡದ ಕೆಳಗಿನ ನಡುಗಡ್ಡೆಗಳು

ನಮ್ಮಲ್ಲಿ ಬಹಳ ಜನಕ್ಕೆ ದೌಂಡ ಅಂದರೆ ರೈಲ್ವೆ ಜಂಕ್ಷನ್, ಅಷ್ಟೇ. ಪುಣೆಯಿಂದ ಕಲಬುರಗಿ, ರಾಯಚೂರಿನ ಕಡೆ ಹೋಗುವಾಗ ಊರ ಪಕ್ಕದ ಭೀಮಾ ನದಿಯನ್ನು ಗಮನಿಸಿದವರು ಕಡಿಮೆ. ಪುಣೆಯ ಮುಳಾ-ಮುಠಾ ದೌಂಡಕ್ಕಿಂತ ಮೊದಲೇ ಅದನ್ನು ಸೇರಿರುತ್ತದೆ. ನಾವು ಕೈತೊಳೆದ ನೀರೂ ಅದರಲ್ಲಿದೆ ಅನ್ನಿ. ಮುಂದೆ ಉಜನಿ ಅಣೆಕಟ್ಟು, ಗಾಣಗಾಪುರ, ಕೊನೆಗೆ ರಾಯಚೂರಿನ ಬಳಿ ಕೃಷ್ಣೆ. ಆ ಸಂಗಮದ ಕೆಳಗಿರುವ ನಡುಗಡ್ಡೆಯೇ ಕುರ್ವಾಪುರ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವೆಂದು ಮರಾಠಿ ದತ್ತಭಕ್ತರಿಗೂ ಅದು ಗೊತ್ತು. ಭಕ್ತರು ದರ್ಶನ ಮುಗಿಸಿ ಮರಳುತ್ತಾರೆ, ಗಡ್ಡೆಯವರು ಅಲ್ಲೇ ಇರುತ್ತಾರೆ.

ನಿಸರ್ಗವನ್ನೇ ಆಧಾರವಾಗಿಟ್ಟುಕೊಂಡು ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದಕ್ಕೆ ಜೀವವೈವಿಧ್ಯ ಒಪ್ಪಂದದ ತಜ್ಞರು ವ್ಯಾಖ್ಯೆ ಕೊಟ್ಟದ್ದು 2009ರಲ್ಲಿ. ಕೃಷ್ಣೆಯ ಗಡ್ಡೆಗಳಲ್ಲಿ ಹೆಸರಿಲ್ಲದೆ ಅದು ಹಳೆಯ ಸಂಗತಿ. ನೆರೆ ಬಿಟ್ಟುಹೋದ ಮೆಕ್ಕಲು ಹೊಲಕ್ಕೆ, ಬಿದಿರಿನ ಹರಗೋಲು ದಾಟಲಿಕ್ಕೆ, ಒಣಗಿದ ಸೋರೆಬುರುಡೆ ಈಜಲಿಕ್ಕೆ. ಸಂಗಮಕ್ಕಿಂತ ಮೇಲಿರುವ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯಿಂದ 2014ರಲ್ಲಿ ತುಂಬು ಗರ್ಭಿಣಿಯೊಬ್ಬರು ಬುರುಡೆ ಕಟ್ಟಿಕೊಂಡು, ಹೆರಿಗೆಗೆಂದು ಪ್ರವಾಹವನ್ನು ಈಜಿ ದಡ ಸೇರಿದರು. ಪತ್ರಿಕೆಗಳು ಸಾಹಸವೆಂದು ಹೊಗಳಿದವು. ನನಗೆ ಅದು ಆಸ್ಪತ್ರೆಗೆ ದಾರಿಯೇ ಇಲ್ಲ ಎಂಬ ಸುದ್ದಿಯಾಗಿ ಕಂಡಿತು.

ಹಳೆಯ ಜಾಣ್ಮೆ ಸಾಲದಾದದ್ದು ಯಾವಾಗ? ನನ್ನ ಲೆಕ್ಕದಲ್ಲಿ ಉಜನಿ 1980ರಲ್ಲಿ, ನಾರಾಯಣಪುರ 1982ರಲ್ಲಿ ಮುಗಿದ ಮೇಲೆ. ಮೋಡ ನೋಡಿ ನದಿಯನ್ನು ಊಹಿಸುತ್ತಿದ್ದವರು ಗೇಟು ಎತ್ತುವ ಹೊತ್ತನ್ನೂ ಊಹಿಸಬೇಕಾಯಿತು. ಬಚಾವತ್ ನ್ಯಾಯಮಂಡಳಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ಹಂಚಿತು. ಅದು ವರ್ಷದ ಲೆಕ್ಕ. ಗಡ್ಡೆಯವರಿಗೆ ಬೇಕಾದದ್ದು ಗಂಟೆಯ ಲೆಕ್ಕ.

ಮಳೆಯ ಹೊತ್ತೂ ಕೈಕೊಡುತ್ತಿದೆ. 2009ರಲ್ಲೂ 2020ರಲ್ಲೂ ದೊಡ್ಡ ನೆರೆ ಬಂದದ್ದು ಮುಂಗಾರು ಮುಗಿಯುವ ಹೊತ್ತಿಗೆ. 2020ರ ಅಕ್ಟೋಬರಿನಲ್ಲಿ ಉಜನಿ ಆಗಲೇ ತುಂಬಿತ್ತು; ತುಂಬಿದ ಜಲಾಶಯ ಮೇಲಿನಿಂದ ಬಂದ ನೀರನ್ನು ಹಿಡಿದಿಡಲಾರದು. ಭೀಮೆಯ ದಡದ ಊರುಗಳು ಮುಳುಗಿದವು.

ಪ್ರಾಜೆಕ್ಟ್ ಮ್ಯಾನೇಜರಾಗಿ ನಾನು ಯಾವ ಯೋಜನೆಯಲ್ಲೂ ಮೊದಲು ಹುಡುಕುವುದು, ನಮ್ಮ ಕೆಲಸ ಯಾರ ಕೆಲಸಕ್ಕೆ ಅಂಟಿಕೊಂಡಿದೆ ಎಂದು. ದಡದ ಮರಳು ಉಳಿಸುವುದು, ಹುಲ್ಲು, ಜಾಲಿ ಬೆಳೆಯಲು ಬಿಡುವುದು, ಇವೆಲ್ಲ ಗಡ್ಡೆಯಲ್ಲೇ ಆಗಬಹುದು, ಆಗಬೇಕು ಕೂಡ. ಆದರೆ ಅಕ್ಟೋಬರಿನ ಮಳೆಗೆ ಜಲಾಶಯದಲ್ಲಿ ಜಾಗ ಬಿಡುವುದು ಗಡ್ಡೆಯವರ ಕೈಯಲ್ಲಿಲ್ಲ. ಉಜನಿ ಮಹಾರಾಷ್ಟ್ರದ್ದು, ಕುರ್ವಾಪುರ ಕರ್ನಾಟಕದ್ದು, ಕೆಳಗಿನ ಜೂರಾಲಾ ತೆಲಂಗಾಣದ್ದು. ಸ್ಥಳಾಂತರ ಸುಲಭವೆನ್ನುವವರಿದ್ದಾರೆ, ಗಡ್ಡೆಯವರ ಹೊಲ ಮಾತ್ರ ಗಡ್ಡೆಯಲ್ಲೇ ಇದೆ.