ರೋರ್ಕ್ಸ್ ಡ್ರಿಫ್ಟಿನ ಸಿಪಾಯಿ ಹೆನ್ರಿ ಹುಕ್

ಇಂಗ್ಲೆಂಡಿನ ಗ್ಲಾಸ್ಟರ್ ಪ್ರಾಂತದ ಚರ್ಚಮ್ ಗ್ರಾಮದಲ್ಲಿ 1850ರಲ್ಲಿ ಜನಿಸಿದ ಹೆನ್ರಿ ಹುಕ್ಕನು 24ನೆಯ ಪದಾತಿದಳದ ಒಬ್ಬ ಸಾಮಾನ್ಯ ಸಿಪಾಯಿ. ಇವನ ಹೆಸರು ಎರಡು ಬಾರಿ ಲೋಕಪ್ರಸಿದ್ಧವಾಯಿತು: ಮೊದಲು ಪರಾಕ್ರಮದಿಂದ, ತರುವಾಯ ಒಂದು ಸುಳ್ಳಿನಿಂದ.

1879ರ ಜೂಲು ಯುದ್ಧಕ್ಕೆ ಮುಖ್ಯ ಕಾರಣನಾದವನು ಸರ್ ಬಾರ್ಟಲ್ ಫ್ರೇರ್. 1862ರಿಂದ 1867ರವರೆಗೆ ಮುಂಬಯಿಯ ಗವರ್ನರನಾಗಿ, ಅಂದು ಆ ಇಲಾಖೆಗೆ ಸೇರಿದ್ದ ನಮ್ಮ ಧಾರವಾಡ, ಬೆಳಗಾವಿ ಸೀಮೆಗಳನ್ನೂ ಆಳಿದವನು ಈತನೇ. ಲಂಡನ್ನಿನ ಮಂತ್ರಿಮಂಡಲದ ಒಪ್ಪಿಗೆಯನ್ನು ಪಡೆಯದೆಯೇ, ಜೂಲು ದೊರೆಗೆ ಒಪ್ಪಲಾಗದ ಷರತ್ತುಗಳನ್ನು ವಿಧಿಸಿ ದಂಡನ್ನು ನಡೆಸಿದನು. ಜನವರಿ 22ರ ಮಧ್ಯಾಹ್ನ ಇಸಾಂಡ್ಲ್ವಾನಾ ಬೆಟ್ಟದಡಿ ಆಂಗ್ಲರ ಪಾಳೆಯವು ನಿರ್ನಾಮವಾಗಿ, 1300ಕ್ಕೂ ಹೆಚ್ಚು ಜನ ಮಡಿದರು. ಅದೇ ಸಂಜೆ 3000ಕ್ಕೂ ಮಿಕ್ಕ ಜೂಲು ಯೋಧರು ಹೊಳೆಯ ಈಚೆಗಿನ ರೋರ್ಕ್ಸ್ ಡ್ರಿಫ್ಟ್ ಠಾಣೆಯ ಮೇಲೆ ಬಿದ್ದರು. ಅಲ್ಲಿದ್ದವರು ರೋಗಿಗಳೂ ಸೇರಿ ಸುಮಾರು 150 ಮಂದಿ. ಮೆಕ್ಕೆಜೋಳದ ಮೂಟೆಗಳನ್ನೂ ಬಿಸ್ಕತ್ತಿನ ಪೆಟ್ಟಿಗೆಗಳನ್ನೂ ಒಟ್ಟಿದ್ದೇ ಅವರ ಕೋಟೆ.

ಪಾದ್ರಿಯೊಬ್ಬರ ಹುಲ್ಲುಛಾವಣಿಯ ಮನೆಯನ್ನೇ ಆಸ್ಪತ್ರೆಯಾಗಿ ಮಾಡಿಕೊಂಡಿದ್ದರು. ಅದಕ್ಕೆ ಕಾವಲಾಗಿ ನಿಂತವರಲ್ಲಿ ಹುಕ್ಕನೂ ಒಬ್ಬ. ಛಾವಣಿಗೆ ಬೆಂಕಿ ಬಿತ್ತು. ಕೋಣೆಯಿಂದ ಕೋಣೆಗೆ ಹೋಗಲು ಬಾಗಿಲಿಲ್ಲ. ಜಾನ್ ವಿಲಿಯಮ್ಸ್ ಎಂಬ ಜೊತೆಗಾರನು ಗೋಡೆಯನ್ನು ಒಡೆದು ಕಂಡಿ ಮಾಡುತ್ತಿರಲು, ಹುಕ್ಕನು ಬಯೋನೆಟ್ಟು ಹಿಡಿದು ಶತ್ರುಗಳನ್ನು ತಡೆದು ನಿಂತನು. ಈಟಿಯೊಂದು ತಗಲಿ ತಲೆಗೆ ಗಾಯವಾದರೂ ಕದಲಲಿಲ್ಲ. ಹೀಗೆ ಗೋಡೆಯ ಮೇಲೆ ಗೋಡೆಯನ್ನು ಕೊರೆದು ರೋಗಿಗಳನ್ನು ಹೊರಗೆ ಸಾಗಿಸಿದರು. ಕಾಲು ನೊಂದಿದ್ದ ಒಬ್ಬನನ್ನು ಕಂಡಿಯೊಳಗಿಂದ ಎಳೆಯುವಾಗ ಆ ಕಾಲು ಮತ್ತೆ ಮುರಿಯಿತೆಂದು ಹುಕ್ಕನೇ ಹೇಳಿದ್ದಾನೆ.

ಬೆಳಗಾಗುವಷ್ಟರಲ್ಲಿ ಜೂಲುಗಳು ಹಿಂದೆಗೆದರು. ಗಾಯಗೊಂಡು ಬಿದ್ದಿದ್ದ ಅವರ ಕಡೆಯವರನ್ನು ಆಂಗ್ಲರ ಪಕ್ಷದವರು ಕೊಂದುಹಾಕಿದ ಸಂಗತಿಯನ್ನು, ಪದಕಗಳ ಕಥೆ ಹೇಳುವವರು ಬಹುಮಟ್ಟಿಗೆ ಬಿಟ್ಟುಬಿಡುತ್ತಾರೆ. ಆ ಒಂದು ಕಾಳಗಕ್ಕೆ 11 ವಿಕ್ಟೋರಿಯಾ ಕ್ರಾಸುಗಳು ದೊರೆತವು. ಹುಕ್ಕನಿಗೆ ಅದನ್ನು ಆಗಸ್ಟ್ 3ರಂದು ರೋರ್ಕ್ಸ್ ಡ್ರಿಫ್ಟಿನಲ್ಲಿಯೇ ಸೇನಾಪತಿ ವುಲ್ಸ್‌ಲಿಯು ತೊಡಿಸಿದನು.

1964ರಲ್ಲಿ ಬಂದ 'ಜೂಲು' ಎಂಬ ಚಲನಚಿತ್ರವು ಇವನನ್ನು ಕುಡುಕ, ಕಳ್ಳ, ಮೈಗಳ್ಳ ರೋಗಿ ಎಂದು ಚಿತ್ರಿಸಿತು. ವಾಸ್ತವದಲ್ಲಿ ಇವನು ಮದ್ಯವನ್ನೇ ಮುಟ್ಟದವನು, ಸನ್ನಡತೆಯವನು. ವೃದ್ಧೆಯರಾಗಿದ್ದ ಅವನ ಹೆಣ್ಣುಮಕ್ಕಳು ಮೊದಲ ಪ್ರದರ್ಶನದಿಂದ ಎದ್ದು ಹೋದರೆಂದು ಹೇಳುತ್ತಾರೆ. ಸತ್ತವನಿಗೆ ಮರುನುಡಿಯುವ ಬಾಯಿಲ್ಲವಾದ್ದರಿಂದ ಕಥೆಗಾರನ ಸ್ವಾತಂತ್ರ್ಯಕ್ಕೆ ಇಲ್ಲಿಯಾದರೂ ಒಂದು ಮೇರೆಯಿರಬೇಕಿತ್ತು.

1880ರಲ್ಲಿ ದಂಡನ್ನು ಬಿಟ್ಟ ಹುಕ್ಕನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸಣ್ಣ ಉದ್ಯೋಗ ಹಿಡಿದನು. ಅಲ್ಲಿಗೆ ಬಂದವರ ಕೊಡೆಗಳನ್ನೂ ಮೇಲಂಗಿಗಳನ್ನೂ ಕಾಯ್ದಿಡುವುದು ಅವನ ಕೆಲಸವಾಗಿತ್ತು. 1905ರಲ್ಲಿ ತೀರಿಕೊಂಡ ಅವನ ಸಮಾಧಿಯು ಚರ್ಚಮ್ಮಿನಲ್ಲಿದೆ.